ಶಾರ್ಜಾ ನಂಬರಿನ ಕಾರು

ಶಾರ್ಜಾ
18 ಆಗಸ್ಟ್ 2024

ಅಪ್ಪ,

ಹರೀಶನ ನಿಶ್ಚಿತಾರ್ಥದ ಫೋಟೊಗಳು ಬಂದವು. ಅಂಕಿತಾಗೆ ಆ ಹಸಿರು ಸೀರೆ ಬಹಳ ಒಪ್ಪಿದೆ. ಅವರಪ್ಪ ಏಕಾಂತಪ್ಪನವರ ಪಕ್ಕ ಪೇಟ ಸುತ್ತಿಕೊಂಡು ನಿಂತವರು ಯಾರೆಂದು ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ಅಂಗಿಯ ಜೇಬಿನಲ್ಲಿ ಕನ್ನಡಕದ ಡಬ್ಬಿ ನೋಡಿ, ಓ ನಮ್ಮಪ್ಪ ಎಂದುಕೊಂಡೆ.

ಒಂದು ವಿಷಯ ಹೇಳಬೇಕು. ಫೋನಿನಲ್ಲಿ ಹೇಳಿದರೆ ನೀವು "ಹ್ಞೂ, ಊಟ ಆತಾ?" ಎಂದು ಅವ್ವನ ಕೈಗೆ ಕೊಟ್ಟುಬಿಡುತ್ತೀರಿ. ಕಾರ್ಖಾನೆಯ ಸುತ್ತಿಗೆ ಷೆಡ್ಡಿನಲ್ಲಿ ಅಷ್ಟು ವರ್ಷ ನಿಂತ ಕಿವಿ, ಅದನ್ನು ದೂರಿ ಏನು ಬಂತು. ಅದಕ್ಕೇ ಎಂದಿನ ಹಾಗೆ ಕಾಗದ ಬರೆದು, ಫೋಟೊ ತೆಗೆದು ಅವ್ವನ ಮೊಬೈಲಿಗೆ ಹಾಕುತ್ತಿದ್ದೇನೆ.

ಕೆಲಸ ಬಿಟ್ಟೆ, ಅಪ್ಪ. ಮದುವೆ ಮುರಿದು ಇಲ್ಲಿಗೆ ಬಂದಾಗ ಶಾಲೆ ಬಸ್ಸಿನಲ್ಲಿ ಆಯಾ ಆಗಿದ್ದೆ, ಆಮೇಲೆ ಲೈಸೆನ್ಸ್ ಮಾಡಿಸಿಕೊಂಡು ಹೆಂಗಸರ ಟ್ಯಾಕ್ಸಿ ಹಿಡಿದೆ. ಇಷ್ಟು ವರ್ಷವೂ ಊರೊಳಗಿನ ಓಡಾಟವೇ. ಎಷ್ಟು ದೂರ ಹೋದರೂ ಸಂಜೆಗೆ ಅದೇ ಸ್ಟ್ಯಾಂಡು. ಈಗ ಒಂದು ಕಾರು ಕೊಂಡಿದ್ದೇನೆ. ಹಳೆಯದು, ಬಿಳಿ, ಜೀಪಿನಂಥ ದೊಡ್ಡ ಗಾಡಿ. ನನ್ನ ತಮ್ಮನ ಮದುವೆಗೆ ಅದರಲ್ಲೇ ಬರುತ್ತೇನೆ. ನಾನೇ ಓಡಿಸಿಕೊಂಡು.

ಇಲ್ಲಿಂದ ಹಡಗಿನಲ್ಲಿ ಇರಾನಿಗೆ. ಅಲ್ಲಿಂದ ಪೂರಾ ರಸ್ತೆ. ಪಾಕಿಸ್ತಾನದ ದಾರಿ ಹತ್ತಿರ, ಆದರೆ ಅದು ನಮಗಿಲ್ಲ. ಹಾಗಾಗಿ ಮೇಲಿನಿಂದ ಸುತ್ತಿ ತುರ್ಕ್‌ಮೆನಿಸ್ತಾನ, ಉಜ್ಬೆಕಿಸ್ತಾನ, ಕಿರ್ಗಿಸ್ತಾನ, ಚೀನಾ, ಕೊನೆಗೆ ನೇಪಾಳ. ನನ್ನ ಜೊತೆ ಟ್ಯಾಕ್ಸಿ ಓಡಿಸುತ್ತಿದ್ದ ದಿಲ್‌ಮಾಯಾ ನೇಪಾಳದವಳು. ಅವಳೂ ಊರಿಗೆ ಹೊರಟಿದ್ದಾಳೆ, ಅಲ್ಲಿಯವರೆಗೆ ಜೊತೆಗಿರುತ್ತಾಳೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ. ಹೊರದೇಶದ ಪರವಾನಗಿಯ ಈ ಕಾರನ್ನು ನಮ್ಮಲ್ಲಿ ಆರು ತಿಂಗಳಿಗಿಂತ ಹೆಚ್ಚು ಇಡುವಂತಿಲ್ಲ. ತಿರುಗಿ ದೇಶದ ಹೊರಗೆ ಕಳಿಸಬೇಕು. ಸ್ಟೇರಿಂಗ್ ಕೂಡ ಎಡಗಡೆ ಇದೆ.

ಅವ್ವನಿಗೆ ನೀವೇ ಮೆಲ್ಲಗೆ ತಿಳಿಸಿ.

ನಿಮ್ಮ
ಬಿಂದು


ಗುತ್ತೂರು
26 ಆಗಸ್ಟ್ 2024

ಚಿ. ಬಿಂದುಗೆ,

ಮೆಲ್ಲಗೆ ತಿಳಿಸುವುದಕ್ಕೆ ನಿಮ್ಮವ್ವ ನನಗೆ ಎಲ್ಲಿ ಅವಕಾಶ ಕೊಟ್ಟಳು? ಅವಳ ಮೊಬೈಲಿಗೆ ಬಂದದ್ದು, ಅವಳೇ ಮೊದಲು ಓದಿದಳು. "ನಿಮ್ಮ ಮಗಳು ಚೀನಾದ ಮ್ಯಾಲೆ ಹಾದು ಬರ್ತಾಳಂತೆ" ಎಂದು ಫೋನನ್ನು ನನ್ನ ತೊಡೆಯ ಮೇಲೆ ಇಟ್ಟು ಒಳಗೆ ಹೋದಳು. ಒಳಗಿನಿಂದ ಪಾತ್ರೆಯ ಸದ್ದು ನನಗೂ ಕೇಳಿಸಿತು ಎಂದರೆ ಎಷ್ಟು ಜೋರಾಗಿತ್ತು ಎಂದು ತಿಳಿದುಕೋ.

ವಿಮಾನದಲ್ಲಿ ಬಾ. ಎಲ್ಲರೂ ಹಾಗೇ ಬರುತ್ತಾರೆ. ಇಟ್ಟುಕೊಳ್ಳಲು ಬಾರದ ಕಾರನ್ನು ಅಷ್ಟು ದೂರದಿಂದ ಯಾಕೆ ತರಬೇಕು?

ಒಂದು ವಿಷಯ ನಿನಗೆ ಗೊತ್ತಿರಲಿ. ಮಾತುಕತೆಯ ದಿನ ಏಕಾಂತಪ್ಪನವರು ನಿನ್ನ ವಿಚಾರ ಕೇಳಿದರು. ಟ್ಯಾಕ್ಸಿ ಕಂಪನಿಯಲ್ಲಿ ಇದ್ದಾಳೆ ಎಂದೆ. "ಆಫೀಸಲ್ಲೇನ್ರಿ?" ಎಂದರು. ನಾನು ತಲೆ ಆಡಿಸಿದೆ. ಕಿವಿ ಸರಿಯಾಗಿ ಕೇಳಲಿಲ್ಲ ಎಂದುಕೋ. ಅವರದು ದಾವಣಗೆರೆಯಲ್ಲಿ ಮೂರು ತಲೆಮಾರಿನಿಂದ ಮಂಡಕ್ಕಿ ವ್ಯಾಪಾರ, ಮಂಡಿಪೇಟೆಯಲ್ಲಿ ದೊಡ್ಡ ಅಂಗಡಿ. ಹುಡುಗಿ ಒಳ್ಳೆಯವಳು, ಹರೀಶನಿಗೆ ಮನಸ್ಸಾಗಿದೆ. ಮದುವೆ ಕಾರ್ತಿಕದ ಕೊನೆಯ ವಾರ. ಆ ಹೊತ್ತಿಗೆ ನೀನು ಕಾರು ಹೊಡೆದುಕೊಂಡು ಬಂದು ಚಪ್ಪರದ ಮುಂದೆ ಇಳಿದರೆ ನಾನು ಏನು ಹೇಳಲಿ?

ಯೋಚನೆ ಮಾಡು.

ಇಂತಿ ನಿನ್ನ ತಂದೆ
ಉಜ್ಜನಪ್ಪ


ಮಶ್‌ಹದ್, ಇರಾನ್
12 ಸೆಪ್ಟೆಂಬರ್ 2024

ಅಪ್ಪ,

ನಿಮ್ಮ ಕಾಗದ ಬಂದಾಗ ಕಾರು ಹಡಗು ಹತ್ತುವುದಕ್ಕೆ ಬಂದರಿನಲ್ಲಿ ಸಾಲು ನಿಂತಿತ್ತು. ಓದಿದೆ. ಮಡಚಿಟ್ಟೆ ಎಂದು ಬರೆಯೋಣವೆಂದರೆ ಮೊಬೈಲನ್ನು ಮಡಚುವುದು ಹೇಗೆ.

ನೀವು ಏಕಾಂತಪ್ಪನವರಿಗೆ ಏನು ಹೇಳುತ್ತೀರೋ ಅದು ನಿಮಗೆ ಬಿಟ್ಟದ್ದು. ಅದಕ್ಕಾಗಿ ನನಗೆ ಸಿಟ್ಟಿಲ್ಲ. ಆದರೆ ನಾನು ಇಲ್ಲಿಯವರೆಗೆ ಒಂದು ದಿನವೂ ಆಫೀಸಿನ ಕುರ್ಚಿಯಲ್ಲಿ ಕೂತಿಲ್ಲ. ಹೆರಿಗೆಗೆ ಹೋಗುವವರನ್ನು ಕರೆದೊಯ್ದಿದ್ದೇನೆ, ಕೋರ್ಟಿಗೆ ಹೋಗುವವರನ್ನು ಕರೆದೊಯ್ದಿದ್ದೇನೆ. ಅತ್ತುಕೊಂಡು ಹತ್ತಿದ ಎಷ್ಟೋ ಜನ ನಗುತ್ತಾ ಇಳಿದಿದ್ದಾರೆ. ಇಟ್ಟುಕೊಳ್ಳಲು ಬಾರದ ಕಾರನ್ನು ಯಾಕೆ ತರುತ್ತೀ ಎಂದು ಕೇಳಿದಿರಿ. ನನಗೆ ಬರುವ ಕೆಲಸ ಇದೊಂದೇ. ಅದನ್ನು ಮನೆಯವರು ಯಾರೂ ಕಣ್ಣಾರೆ ಕಂಡಿಲ್ಲ.

ರಸ್ತೆ ಚೆನ್ನಾಗಿದೆ. ಮರುಭೂಮಿ ಮುಗಿದು ಬೆಟ್ಟ, ಬೆಟ್ಟ ಮುಗಿದು ಮತ್ತೆ ಮರುಭೂಮಿ. ಪೆಟ್ರೋಲ್ ಬಂಕಿನಲ್ಲಿ ಒಬ್ಬಾಕೆ ನಮ್ಮಿಬ್ಬರನ್ನೂ ನೋಡಿ, ಗಂಡಸು ಎಲ್ಲಿ ಎಂದು ಕೈಸನ್ನೆಯಲ್ಲೇ ಕೇಳಿದಳು. ದಿಲ್‌ಮಾಯಾ ಡಿಕ್ಕಿ ತೆಗೆದು ತೋರಿಸಿ, ಇಲ್ಲೂ ಇಲ್ಲ ಎಂದಳು. ಆಕೆ ಬಿದ್ದು ಬಿದ್ದು ನಕ್ಕು ನಮಗೆ ದಾಳಿಂಬೆ ಕೊಟ್ಟಳು.

ಅವ್ವನಿಗೆ ಹೇಳಿ: ಅನ್ನ ಮಾಡಿಕೊಳ್ಳುತ್ತೇವೆ, ಉಪ್ಪಿನಕಾಯಿ ಇದೆ.

ಬಿಂದು


ಗುತ್ತೂರು
20 ಸೆಪ್ಟೆಂಬರ್ 2024

ಚಿ. ಬಿಂದುಗೆ,

ಹೇಳಿದ ಮಾತು ಕೇಳದೆ ಹೊರಟ ಮೇಲೆ ನಾನು ಬರೆಯುವುದು ಏನಿದೆ. ಆದರೂ ಕೇಳುತ್ತೇನೆ, ಸ್ಟೆಪ್ನಿ ಒಂದೇ ಇದೆಯೋ ಎರಡೋ? ಚಳಿ ದೇಶದಲ್ಲಿ ಬ್ಯಾಟರಿ ಇಳಿಯುತ್ತದೆ ಎನ್ನುತ್ತಾರೆ. ರೇಡಿಯೇಟರಿಗೆ ಬರೀ ನೀರು ಹಾಕಬೇಡ.

ಹರಿಹರದ ಬಸ್ ಸ್ಟ್ಯಾಂಡಿನ ಹತ್ತಿರ ಮುಸರತ್ ಅವರ ಪುಸ್ತಕದ ಅಂಗಡಿಗೆ ಹೋಗಿದ್ದೆ. ಏಷ್ಯಾ ಖಂಡದ ನಕಾಶೆ ಕೊಡಿ ಎಂದೆ. "ಯಾರಿಗ್ರಿ ಕಾಕಾ, ಯಾವ ಕ್ಲಾಸಿಗೆ?" ಎಂದು ಆಯಮ್ಮ ಕೇಳಿದರು. ನನ್ನ ಮಗಳು ಈ ದಾರಿಯಲ್ಲಿ ಕಾರಲ್ಲಿ ಬರುತ್ತಿದ್ದಾಳೆ, ಎಲ್ಲಿದ್ದಾಳೆ ಎಂದು ನೋಡಬೇಕು ಎಂದೆ. "ಡ್ರೈವರ್ ಇಟ್ಕಂಡಾಳಾ?" ಎಂದರು. ಇಲ್ಲ, ಅವಳೇ ಎಂದೆ. ಆಯಮ್ಮ ನಕಾಶೆ ಸುತ್ತುವುದನ್ನು ಬಿಟ್ಟು ಅದನ್ನು ಕೌಂಟರಿನ ಮೇಲೆ ಪೂರಾ ಹರಡಿ, "ಎಲ್ಲಿ, ತೋರಿಸ್ರಿ" ಎಂದರು. ಜೆರಾಕ್ಸಿಗೆ ಬಂದಿದ್ದವರೂ ಬಗ್ಗಿ ನೋಡಿದರು. ಅಂಗಡಿಯಲ್ಲಿ ಗದ್ದಲ ಬಹಳ, ಹಾಗಾಗಿ ಎರಡು ಮೂರು ಸಲ ಹೇಳಬೇಕಾಯಿತು.

ನಕಾಶೆಯನ್ನು ನಡುಮನೆಯ ಗೋಡೆಗೆ ಹಚ್ಚಿದ್ದೇನೆ. ಮೊನ್ನೆ ಏಕಾಂತಪ್ಪನವರು ಲಗ್ನಪತ್ರಿಕೆಯ ವಿಷಯಕ್ಕೆ ಬಂದಾಗ ಮಾತ್ರ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದೆ. ನಿಮ್ಮವ್ವ ನೋಡಿದಳು. ಅವರಿಗೆ ಕಾಫಿ ಕೊಟ್ಟಳು, ನನಗೆ ಕೊಡಲಿಲ್ಲ.

ತಲುಪಿದ ಊರಿನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆ. ನಕಾಶೆಯಲ್ಲಿ ಹುಡುಕುವುದು ಕಷ್ಟವಾಗುತ್ತದೆ.

ನಿನ್ನ ತಂದೆ
ಉಜ್ಜನಪ್ಪ


ಸಾರಿ ತಾಶ್, ಕಿರ್ಗಿಸ್ತಾನ
3 ಅಕ್ಟೋಬರ್ 2024

ಅಪ್ಪ,

ಈ ಹಳ್ಳಿ ನಿಮ್ಮ ನಕಾಶೆಯಲ್ಲಿ ಇರುವುದು ಅನುಮಾನ. ಚೀನಾ ಗಡಿಗೆ ಹತ್ತಿರ, ಸುತ್ತ ಹಿಮದ ಬೆಟ್ಟ. ನಾವು ಇಷ್ಟು ಹೊತ್ತಿಗೆ ಚೀನಾದ ಒಳಗಿರಬೇಕಿತ್ತು. ಯಾಕೆ ಇಲ್ಲವೆಂದು ಹೇಳುತ್ತೇನೆ.

ಅಕ್ಟೋಬರ್ ಮೊದಲ ವಾರ ಚೀನಾದವರಿಗೆ ರಾಷ್ಟ್ರೀಯ ರಜೆ, ಗಡಿಯ ಗೇಟು ಮುಚ್ಚಿರುತ್ತದೆ. ಅದಕ್ಕೆ ಮುಂಚಿನ ದಿನ ದಾಟಬೇಕೆಂದು ಬೆಳಿಗ್ಗೆಯೇ ಹೊರಟೆವು. ದೊಡ್ಡ ಘಾಟು ಇಳಿದು ಬಯಲಿಗೆ ಬಂದಾಗ ರಸ್ತೆಯ ಪಕ್ಕ ಒಬ್ಬ ಕೈ ಎತ್ತಿ ನಿಂತಿದ್ದ. ಅವನ ಕಾಲ ಬಳಿ ಒಬ್ಬ ಹೆಂಗಸು ಹೊಟ್ಟೆ ಹಿಡಿದುಕೊಂಡು ಮುದುಡಿ ಬಿದ್ದಿದ್ದಳು. ನಮ್ಮ ಮುಂದೆ ಎರಡು ಲಾರಿ ನಿಲ್ಲಿಸದೆ ಹೋದವು. ನಾನು ಯೋಚನೆ ಮಾಡಲಿಲ್ಲ ಅಪ್ಪ, ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಕೈ ಎತ್ತಿದವರನ್ನು ಬಿಟ್ಟು ಹೋಗಿ ಅಭ್ಯಾಸವಿಲ್ಲ.

ಆಸ್ಪತ್ರೆ ಇದ್ದದ್ದು ನಾವು ಬಂದ ದಿಕ್ಕಿನಲ್ಲಿ, ಘಾಟಿನ ಆಚೆ. "ಈಗ ಹಿಂದಕ್ಕೆ ಹೋದರೆ ಗೇಟು ತಪ್ಪುತ್ತೆ. ನಮ್ಮ ಪರವಾನಗಿ ಇವತ್ತಿನದು" ಎಂದಳು ದಿಲ್‌ಮಾಯಾ. ಹಾಗೆ ಹೇಳುತ್ತಲೇ ಇಳಿದು ಹಿಂದಿನ ಸೀಟಿನ ಸಾಮಾನೆಲ್ಲ ತೆಗೆದು ಮುಂದಕ್ಕೆ ತುರುಕುತ್ತಿದ್ದಳು. ಆ ಹೆಂಗಸಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅವಳ ಗಂಡ ಸಾಮಾನಿನ ಮಧ್ಯೆ ಮುಂದೆ ತೂರಿ ಕೂತ, ನಾನು ಕಾರು ತಿರುಗಿಸಿದೆ.

ಘಾಟಿನ ತುದಿಯಲ್ಲಿ ಹಿಮ ಬೀಳುತ್ತಿತ್ತು. ತಿರುವಿಗೆ ತಿರುವು ಲಾರಿ. ಅವಸರ ಮಾಡಿದರೆ ಜಾರುತ್ತೇವೆ, ನಿಧಾನ ಮಾಡಿದರೆ ಹಿಂದೆ ಅವಳ ನರಳಾಟ. ಟ್ಯಾಕ್ಸಿಯಲ್ಲಿ ಕಲಿತದ್ದೆಲ್ಲ ಅವತ್ತಿನ ಒಂದೇ ದಾರಿಗೆ ಬೇಕಾಯಿತು. ಆಸ್ಪತ್ರೆ ಮುಟ್ಟಿದ ತಕ್ಷಣ ಒಳಗೆ ಎತ್ತಿಕೊಂಡು ಹೋದರು. ಹೊಟ್ಟೆಯೊಳಗೆ ಅಪೆಂಡಿಕ್ಸ್ ಒಡೆದಿತ್ತಂತೆ. ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ಅಲ್ಲಿದ್ದ ಒಬ್ಬರು ಹಿಂದಿಯಲ್ಲಿ ಹೇಳಿದರು. ಅವರು ಯಾವಾಗಲೋ ದಿಲ್ಲಿಯಲ್ಲಿ ಓದಿದವರಂತೆ.

ಅವಳ ಹೆಸರು ಅಯ್‌ಗುಲ್. ಉಳಿದಳು.

ಈಗ ಅವಳ ಅತ್ತೆಯ ಮನೆಯಲ್ಲೇ ಇದ್ದೇವೆ. ಕುದುರೆ ಸಾಕುವವರು. ರೊಟ್ಟಿ, ಕೆನೆ, ಚಹಾ. ಕುದುರೆ ಹಾಲನ್ನೂ ಕೊಟ್ಟರು. ಕುಡಿದೆನೋ ಇಲ್ಲವೋ ಎಂದು ಅವ್ವ ಕೇಳಬಾರದು.

ಚೀನಾದಲ್ಲಿ ನಮ್ಮನ್ನು ಕರೆದೊಯ್ಯಬೇಕಾದ ಗೈಡ್ ಹೊಸ ಪರವಾನಗಿಗೆ ಅರ್ಜಿ ಹಾಕಿದ್ದಾನೆ. ಬರಬಹುದು, ಬರದಿರಬಹುದು. ಬರದಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ. ಆಗ ಹರೀಶನ ಮದುವೆಗೆ ವಿಮಾನದಲ್ಲಿ ಬರುತ್ತೇನೆ, ನೀವು ಹೇಳಿದ ಹಾಗೆ.

ಬಿಂದು


ಗುತ್ತೂರು
13 ಅಕ್ಟೋಬರ್ 2024

ಚಿ. ಬಿಂದುಗೆ,

ನಿನ್ನ ಕಾಗದ ಬಂದು ವಾರದ ಮೇಲಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನೋ ಕೆಲಸ ಬಂತು.

ಆಯುಧ ಪೂಜೆಯ ದಿನ ಏಕಾಂತಪ್ಪನವರು ಅಂಗಡಿಯ ಪೂಜೆಗೆ ಕರೆದಿದ್ದರು. ಮಂಡಿಪೇಟೆಯ ವ್ಯಾಪಾರಸ್ಥರು ತುಂಬಾ ಜನ ಇದ್ದರು. ತಕ್ಕಡಿಗೆ, ಲಾರಿಗೆ ಪೂಜೆ ಆಯಿತು. ಏಕಾಂತಪ್ಪನವರು ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ, "ಇವರೇ ನಮ್ಮ ಹೊಸ ಬೀಗರು. ಇವರ ಮಗಳು ಅರಬ್ ದೇಶದಾಗೆ ಆಫೀಸಲ್ಲಿ ಅದಾಳೆ, ಏಸಿ ರೂಮಲ್ಲಿ ಕುಂತು ಕೆಲಸ" ಎಂದರು. ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಇಲ್ಲ್ರಿ. ನನ್ನ ಮಗಳು ಡ್ರೈವರ್" ಎಂದೆ.

ಅವರು ನಕ್ಕರು. ನನಗೆ ಕಿವಿ ಮಂದ, ಏನೋ ತಪ್ಪು ತಿಳಿದಿದ್ದೇನೆ ಎಂದುಕೊಂಡಿರಬೇಕು. "ಆಫೀಸಲ್ಲಿ ಅಂದಿದ್ರಲ್ಲ?"

"ನೀವು ಅಂದ್ರಿ, ನಾ ತಲಿ ಆಡಿಸ್ದೆ. ಆಕೆ ಟ್ಯಾಕ್ಸಿ ಹೊಡಿಯಾಕಿ. ಈಗ ಅಲ್ಲಿಂದ ತಾನೇ ಕಾರು ಹೊಡ್ಕಂಡು ಮನಿಗೆ ಬರ್ತಾ ಅದಾಳೆ. ಚೀನಾ ಗಡಿ ಹತ್ರ ನಿಂತಾಳೆ. ಯಾಕ ನಿಂತಾಳೆ ಕೇಳ್ರಿ."

ಅವರು ಕೇಳಲಿಲ್ಲ, ಆದರೂ ಹೇಳಿದೆ. ಘಾಟು, ಹಿಮ, ಆ ಹೆಣ್ಣುಮಗಳು, ಎಲ್ಲ ಹೇಳಿದೆ. ನನ್ನ ದನಿ ದೊಡ್ಡದು ಎಂದು ನಿನಗೆ ಗೊತ್ತೇ ಇದೆ. ಎದುರಿನ ಅಂಗಡಿಯವರೂ ಹೊರಗೆ ಬಂದು ನಿಂತರು. ಉಚ್ಚೆಂಗಪ್ಪ ಎನ್ನುವ ಒಬ್ಬ ವಯಸ್ಸಾದ ಲಾರಿ ಮಾಲೀಕರು, "ಹಿಮದಾಗೆ ಘಾಟು ಇಳಿಸಾಳೆ? ಲಾರಿ ಹೊಡೆಯೋರೇ ನಿಲ್ಲಿಸಿಲ್ಲ, ಈಕಿ ಗಾಡಿ ತಿರುಗಿಸ್ಕೊಂಡು ಹೋದ್ಲಾ?" ಎಂದು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು.

ಏಕಾಂತಪ್ಪನವರ ಮುಖ ಮಾತ್ರ ಇಳಿದುಹೋಗಿತ್ತು. ನಾಲ್ಕು ಜನರ ಮುಂದೆ ಅವರ ಮಾತನ್ನು ಸುಳ್ಳು ಮಾಡಿದಂತಾಯಿತಲ್ಲ. ನಾನು ಹೊರಡುವಾಗ, "ಮನ್ಯಾಗೆ ಮಾತಾಡಿ ಹೇಳಿ ಕಳಸ್ತೀನ್ರಿ" ಎಂದರು. ಪ್ರಸಾದವನ್ನೇನೋ ಕೊಟ್ಟರು, ಮುಖ ನೋಡಲಿಲ್ಲ.

ಹರೀಶ ನನ್ನ ಜೊತೆ ಮಾತು ಬಿಟ್ಟಿದ್ದಾನೆ. "ಇಷ್ಟು ದಿನ ಸುಮ್ಕಿದ್ರಿ, ಇನ್ನೊಂದು ತಿಂಗಳು ಸುಮ್ಕಿದ್ರೆ ಆಗ್ತಿರಲಿಲ್ಲೇನು?" ಎಂದ. ಆಗುತ್ತಿರಲಿಲ್ಲ. ಅವನಿಗೆ ಹೇಗೆ ತಿಳಿಸಬೇಕೋ ಗೊತ್ತಾಗುತ್ತಿಲ್ಲ.

ಕ್ಯಾಲೆಂಡರನ್ನು ನಿಮ್ಮವ್ವ ತೆಗೆದು ಅಡುಗೆಮನೆಯಲ್ಲಿ ಹಾಕಿದ್ದಾಳೆ.

ಪರವಾನಗಿ ಬಂತೇ?

ನಿನ್ನ ತಂದೆ
ಉಜ್ಜನಪ್ಪ


ಸಾಗಾ, ಟಿಬೆಟ್
26 ಅಕ್ಟೋಬರ್ 2024

ಅಪ್ಪ,

ಪರವಾನಗಿ ಬಂತು. ಗೇಟು ತೆರೆಯಿತು. ಅಯ್‌ಗುಲ್‌ಳ ಅತ್ತೆ ಊರ ಹೊರಗಿನವರೆಗೆ ಕುದುರೆಯ ಮೇಲೆ ಬಂದು ಬೀಳ್ಕೊಟ್ಟರು.

ಇಲ್ಲಿ ಬರೆಯಲು ಕೂತರೆ ಉಸಿರು ಕಟ್ಟುತ್ತದೆ, ಅಷ್ಟು ಎತ್ತರ. ಮರವೇ ಇಲ್ಲ. ನಿನ್ನೆ ಒಂದು ಸರೋವರ ಕಂಡೆವು. ದಿಲ್‌ಮಾಯಾ ಕಾರಿನಿಂದ ಇಳಿದು ದಡದಲ್ಲಿ ನಿಂತಳು. ನಾನೂ ನಿಂತೆ.

ನಿಮ್ಮ ಕಾಗದವನ್ನು ಅವಳಿಗೆ ಹಿಂದಿಯಲ್ಲಿ ಓದಿ ಹೇಳಿದೆ. ಮಂಡಿಪೇಟೆಯ ಭಾಗವನ್ನು ಮತ್ತೊಮ್ಮೆ ಓದು ಎಂದಳು. ಓದಿದೆ, ಅವಳು ಕೇಳದಿದ್ದರೂ ಮೂರನೆಯ ಸಲವೂ ಓದಿದೆ.

ಆದರೆ ಅಪ್ಪ, ನನ್ನಿಂದ ಹರೀಶನ ಮದುವೆ ನಿಂತರೆ ಅವನ ಮುಖ ನೋಡುವುದು ಹೇಗೆ? ಅಂಕಿತಾ ಏನೆಂದಳು? ಬರೆಯಿರಿ.

ಇನ್ನೆರಡು ದಿನಕ್ಕೆ ನೇಪಾಳ. ಅಲ್ಲಿಂದ ಮುಂದೆ ನಮ್ಮ ಹಾಗೆ ರಸ್ತೆಯ ಎಡಕ್ಕೆ ಓಡಿಸಬೇಕು. ನನ್ನ ಸ್ಟೇರಿಂಗೂ ಎಡಕ್ಕೇ ಇರುವುದರಿಂದ ಲಾರಿಯ ಹಿಂದೆ ಸಿಕ್ಕಿಬಿದ್ದರೆ ಎದುರಿಗೆ ಏನು ಬರುತ್ತಿದೆ ಎಂದು ಕಾಣುವುದಿಲ್ಲ. ಬಲಗಡೆ ಕೂತವರು ನೋಡಿ ಹೇಳಬೇಕು. ನೇಪಾಳದಲ್ಲಿ ದಿಲ್‌ಮಾಯಾ ಹೇಳುತ್ತಾಳೆ. ದೀಪಾವಳಿ ಹಬ್ಬಕ್ಕೆ ಅವಳ ಮನೆಯಲ್ಲಿ ಇದ್ದು, ಸುನೌಲಿಯ ಹತ್ತಿರ ಗಡಿ ದಾಟಿದ ಮೇಲೆ ನಾನೊಬ್ಬಳೇ. ಲಾರಿಗಳ ಹಿಂದೆ ನಿಧಾನವಾಗಿ ಬರುತ್ತೇನೆ. ಹೆದರುವುದು ಬೇಡ.

ಬಿಂದು


ಗುತ್ತೂರು
3 ನವೆಂಬರ್ 2024

ಬಿಂದಮ್ಮ,

ಇದು ನಿಮ್ಮಪ್ಪನ ಅಕ್ಷರ ಅಲ್ಲ, ನನ್ನದು. ನಿಮ್ಮಪ್ಪ ಮನೆಯಲ್ಲಿಲ್ಲ. ಹಬ್ಬದ ಹಿಂದಿನ ದಿನವೇ ಹೊರಟರು. ಬೆಂಗಳೂರಿಗೆ ಹೋಗಿ ಅಲ್ಲಿಂದ ಗೋರಖಪುರದ ರೈಲು ಹತ್ತಿದ್ದಾರೆ. ಈ ಕಾಗದ ನಿನಗೆ ಮುಟ್ಟುವ ಹೊತ್ತಿಗೆ ಸುನೌಲಿಯಲ್ಲಿ ನಿನಗಾಗಿ ಕಾಯುತ್ತಿರುತ್ತಾರೆ. ನಿನಗೆ ಹೇಳಬೇಡ ಎಂದಿದ್ದರು. ಹೇಳದೆ ಇದ್ದರೆ ಆ ಜನದಲ್ಲಿ ಒಬ್ಬರಿಗೊಬ್ಬರು ಸಿಗುವುದು ಹೇಗೆ? ಕರೆದರೆ ಅವರಿಗೆ ಕೇಳುತ್ತದೆಯೇ?

ನಿನ್ನ ಟಿಬೆಟ್ಟಿನ ಕಾಗದವನ್ನು ನಿಮ್ಮಪ್ಪ ಎರಡು ಸಲ ಓದಿದರು. ಸಂಜೆ ಹೊತ್ತು ಹರೀಶನ ಮುಂದೆ ಹೋಗಿ ನಿಂತು, "ಗೋರಖಪುರಕ್ಕೆ ಟಿಕೆಟ್ ಮಾಡು" ಎಂದರು. ಅಷ್ಟು ದಿನ ಮಾತು ಬಿಟ್ಟಿದ್ದವನು "ಯಾಕ್ರಿ?" ಎಂದ. "ಆಕಿಗೆ ಬಲಗಡೆ ಕಾಣಂಗಿಲ್ಲಂತೆ. ನನಗೆ ಕಿವಿ ಇಲ್ಲ, ಕಣ್ಣು ಚೆನ್ನಾಗದಾವೆ" ಎಂದರು. ಹರೀಶ ನಿಮ್ಮಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಆಮೇಲೆ ಟಿಕೆಟ್ ಮಾಡಿದ. ಸ್ವೆಟರ್ ಅವನೇ ತಂದುಕೊಟ್ಟ.

ಇನ್ನು ಅಂಕಿತಾ ವಿಚಾರ. ಆ ಹುಡುಗಿ ಒಬ್ಬಳೇ ಬಸ್ಸಿನಲ್ಲಿ ಇಲ್ಲಿಗೆ ಬಂದಿದ್ದಳು. "ಅತ್ತೀ, ಅತ್ತಿಗೆಮ್ಮ ಬರ್ದಿದ್ದು ತೋರಿಸ್ರಿ" ಎಂದಳು. ಕೊಟ್ಟೆ. ನಕಾಶೆಯ ಮುಂದೆ ನೆಲಕ್ಕೆ ಕೂತು ಎಲ್ಲ ಓದಿದಳು, ನಡುವೆ ಎದ್ದು ನಕಾಶೆಯಲ್ಲಿ ಬೆರಳಿಟ್ಟು ನೋಡಿದಳು. ಹೋಗುವಾಗ ಎಲ್ಲವನ್ನೂ ತನ್ನ ಮೊಬೈಲಿಗೆ ಹಾಕಿಸಿಕೊಂಡಳು. ಮನೆಯಲ್ಲಿ ಏನು ನಡೆಯಿತೋ ನನಗೆ ಗೊತ್ತಿಲ್ಲ. ಅವರಜ್ಜಿ ಸರ್ವಮಂಗಳಮ್ಮನವರಿಗೆ ಓದಿ ಹೇಳಿದಳು ಎಂದಷ್ಟೇ ಹರೀಶ ಅಂದ.

ನಿಮ್ಮಪ್ಪ ಹೊರಡುವ ದಿನ ಹರಿಹರದ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ರೈಲು ಬರುವ ಹೊತ್ತಿಗೆ ಏಕಾಂತಪ್ಪನವರು ಹೆಗಲ ಮೇಲೆ ಒಂದು ದೊಡ್ಡ ಚೀಲ ಹೊತ್ತುಕೊಂಡು ಪ್ಲಾಟ್‌ಫಾರ್ಮಿನಲ್ಲಿ ಬಂದರು. ಅಷ್ಟು ದೊಡ್ಡ ಸಾಹುಕಾರರು, ಆಳನ್ನೂ ಕರೆತಂದಿರಲಿಲ್ಲ. ಚೀಲದ ತುಂಬ ಮಂಡಕ್ಕಿ. ನಿಮ್ಮಪ್ಪ ಬೇಡ ಬೇಡ ಎಂದರೂ ಒಳಗೆ ಹತ್ತಿ ಸೀಟಿನ ಕೆಳಗೆ ಇಟ್ಟು, "ಹಾದಿಗೆ ಆಗ್ತದೆ ಇರ್ಲಿ ಬಿಡ್ರಿ. ಬೀಗರು ಬರಿಗೈಲಿ ಹೋಗಬಾರ್ದು" ಎಂದರು.

ಬೀಗರು ಎಂದರು, ಬಿಂದಮ್ಮ. ನಾನೇ ಕೇಳಿಸಿಕೊಂಡೆ.

ನಿಮ್ಮಪ್ಪನಿಗೆ ಸಕ್ಕರೆ ಹಾಕಿದ ಚಹಾ ಕೊಡಿಸಬೇಡ. ಕುದುರೆ ಹಾಲಿನ ವಿಷಯ ಬಂದ ಮೇಲೆ ಮಾತಾಡುತ್ತೇನೆ.

ನಿನ್ನ ಅವ್ವ
ನಾಗರತ್ನಮ್ಮ


ಚಿತ್ರದುರ್ಗ
14 ನವೆಂಬರ್ 2024

ನಾಗರತ್ನ,

ಮದುವೆಯಾದಂದಿನಿಂದ ನಿನಗೆ ಕಾಗದ ಬರೆದವನಲ್ಲ. ನಿನ್ನನ್ನು ಬಿಟ್ಟು ಇಷ್ಟು ದಿನ ಎಲ್ಲಿಗಾದರೂ ಹೋಗಿದ್ದರಲ್ಲವೇ ಬರೆಯುವುದು. ಬಿಂದು ಮಲಗಿದ್ದಾಳೆ, ನಾನು ಲಾಡ್ಜಿನ ವರಾಂಡದಲ್ಲಿ ಕೂತು ಬಿಸಿಲಿರುವಾಗಲೇ ಬರೆಯುತ್ತಿದ್ದೇನೆ. ಎದ್ದ ಮೇಲೆ ಅವಳ ಕೈಯಿಂದ ನಿನ್ನ ಮೊಬೈಲಿಗೆ ಕಳಿಸುತ್ತೇನೆ.

ಸುನೌಲಿಯಲ್ಲಿ ಅವಳು ನನ್ನನ್ನು ಕಂಡಾಗ ಏನಾಯಿತು ಎಂದು ನೀನು ಕೇಳುತ್ತೀ. ಏನೂ ಆಗಲಿಲ್ಲ. "ಊಟ ಆತಾ?" ಎಂದೆ. ಅವಳು ಬಾಗಿಲು ತೆಗೆದು ಬಲಗಡೆ ಸೀಟಿನ ಮೇಲಿದ್ದ ಧೂಳನ್ನು ದುಪಟ್ಟಾದಿಂದ ಒರೆಸಿದಳು, ಬಹಳ ಹೊತ್ತು ಒರೆಸಿದಳು. ನಾನು ಹತ್ತಿ ಕೂತೆ.

ನಮ್ಮ ಮಗಳು ಕಾರು ಓಡಿಸುವುದನ್ನು ನೀನು ನೋಡಬೇಕು. ಸಿಟ್ಟು ಮಾಡುವುದಿಲ್ಲ, ಹಾರ್ನ್ ಬಾರಿಸುವುದಿಲ್ಲ. ದನ ಅಡ್ಡ ಬಂದರೆ ಅದು ಹೋಗುವವರೆಗೆ ನಿಲ್ಲುತ್ತಾಳೆ. ಲಾರಿ ಸಿಕ್ಕರೆ ನಾನು ಕತ್ತು ಹೊರಗೆ ಹಾಕಿ ನೋಡಿ ಕೈ ಬೀಸುತ್ತೇನೆ, ಅವಳು ಮುಂದೆ ಹೋಗುತ್ತಾಳೆ. ಒಂದು ಸಲವೂ ನಿಜವಾಗಿ ಖಾಲಿ ಇದೆಯೇ ಎಂದು ಕೇಳಲಿಲ್ಲ. ನಾಗಪುರದ ಆಚೆಗೆ ನನಗೆ ಜೊಂಪು ಹತ್ತಿತ್ತು. ಎಚ್ಚರವಾದಾಗ ಅವಳು ಒಂದು ಎತ್ತಿನಗಾಡಿಯ ಹಿಂದೆ, ಅದೇ ವೇಗದಲ್ಲಿ, ಸುಮ್ಮನೆ ಬರುತ್ತಿದ್ದಳು. "ಎಬ್ಬಿಸಬಾರದಿತ್ತಾ?" ಎಂದೆ. ಅವಸರವೇನಿದೆ ಎಂದು ಕೈಸನ್ನೆ ಮಾಡಿದಳು.

ಒಂದು ತಮಾಷೆ ಹೇಳುತ್ತೇನೆ. ಟೋಲ್ ಗೇಟಿನ ಕಿಟಕಿ ಎಲ್ಲ ಕಡೆಯೂ ಬಲಕ್ಕೇ ಇರುತ್ತದೆ. ಹಾಗಾಗಿ ಅಲ್ಲಿ ಕೂತವರಿಗೆ ಮೊದಲು ಕಾಣುವುದು ನಾನು. ನನ್ನ ಮುಂದೆ ಸ್ಟೇರಿಂಗ್ ಇಲ್ಲ. ಅವರು ಬಗ್ಗಿ ನೋಡುತ್ತಾರೆ, ಬಾಯಿ ಆಡಿಸುತ್ತಾರೆ. ಏನು ಕೇಳುತ್ತಾರೆ ಎನ್ನುವುದು ನನಗೆ ಕೇಳಿಸಬೇಕಾಗಿಲ್ಲ. ಉತ್ತರ ಪ್ರದೇಶದಲ್ಲಿ ಬಿಂದು ನನಗೆ ಹಿಂದಿಯಲ್ಲಿ ಕಲಿಸಿಕೊಟ್ಟಳು, "ಡ್ರೈವರ್ ಉಧರ್ ಹೈ. ಮೇರೀ ಬೇಟಿ." ತೆಲುಗಿನವರಿಗೂ ಅದನ್ನೇ ಹೇಳಿದೆ, ತಿಳಿಯಿತು. ಕೆಲವರು ಹಣ ಇಸಿದುಕೊಂಡ ಮೇಲೂ ಗೇಟು ಎತ್ತದೆ, ಪಕ್ಕದವರನ್ನು ಕರೆದು ತೋರಿಸಿದರು. ಬಳ್ಳಾರಿ ಕಡೆಯ ಗೇಟಿನಲ್ಲಿ ನಮ್ಮ ಮಾತಿನ ಹುಡುಗಿ ಇದ್ದಳು. ಎದ್ದು ನಿಂತು ನೋಡಿ, "ಸ್ಟೇರಿಂಗ್ ಆ ಕಡೆ ಐತಲ್ರೀ ಅಜ್ಜಾ! ಎಲ್ಲಿಂದ ಬಂದ್ರಿ?" ಎಂದಳು. ಬಿಂದು ಅಲ್ಲಿಂದಲೇ ನಗುತ್ತಾ ಜೋರಾಗಿ ನನಗೆ ತಿಳಿಸಿದಳು. ನಾನು ಶಾರ್ಜಾದಿಂದ ಶುರುಮಾಡಿ ಹೇಳತೊಡಗಿದೆ. ಕಿರ್ಗಿಸ್ತಾನ ಮುಟ್ಟುವಷ್ಟರಲ್ಲಿ ಹಿಂದಿನ ಗಾಡಿಯವರೆಲ್ಲ ಹಾರ್ನ್ ಬಾರಿಸಿದರಂತೆ. ನನಗೆ ಕೇಳಿಸಲಿಲ್ಲ.

ಈಗ ಕೆಲಸದ ಮಾತು. ಇವತ್ತೇ ಹೊರಟರೆ ಕತ್ತಲಾಗುವ ಹೊತ್ತಿಗೆ ಗುತ್ತೂರು ಸೇರಬಹುದು ಎಂದು ಬಿಂದು ಅಂದಳು. ಬ್ಯಾಡ, ಇಲ್ಲೇ ಇರೋಣ ಎಂದೆ. ಸುಸ್ತಾಯಿತಾ ಎಂದು ಕೇಳಿದಳು. ಹೌದು ಎಂದೆ. ಸುಸ್ತಾಗಿಲ್ಲ.

ನಾಳೆ ಬೆಳಿಗ್ಗೆ ಇಲ್ಲಿ ಕಾರು ತೊಳೆಸುತ್ತೇನೆ. ಆ ಅರಬ್ಬಿ ಅಂಕಿಯ ನಂಬರ್ ಪ್ಲೇಟನ್ನು ನಾನೇ ಒರೆಸುತ್ತೇನೆ. ಬೈಪಾಸಿನಲ್ಲಿ ಹಾದುಹೋಗುವುದು ಬೇಡ, ಊರೊಳಗೆ ಹೋಗೋಣ ಎಂದು ಅವಳಿಗೆ ಹೇಳುತ್ತೇನೆ. ಅಂಗಡಿಗಳೆಲ್ಲ ತೆರೆದಿರುವ ಹೊತ್ತಿಗೆ ದಾವಣಗೆರೆ ಮುಟ್ಟುತ್ತೇವೆ. ಮಂಡಿಪೇಟೆಯಲ್ಲಿ ಗಾಡಿ ಮುಂದಕ್ಕೆ ಹೋಗದಷ್ಟು ಜನ ಇರುತ್ತಾರೆ. ಇರಲಿ. ಬಿಂದು ಹೇಗೂ ಹಾರ್ನ್ ಬಾರಿಸುವವಳಲ್ಲ, ನಿಧಾನವಾಗಿಯೇ ಹೋಗುತ್ತಾಳೆ, ಎಲ್ಲರಿಗೂ ಕಾಣುತ್ತದೆ.

ನೀನೂ ಹರೀಶನೂ ಮೊದಲ ಬಸ್ಸಿಗೇ ಬಂದು ಏಕಾಂತಪ್ಪನವರ ಅಂಗಡಿಯ ಮುಂದೆ ನಿಂತಿರಿ. ನಿಶ್ಚಿತಾರ್ಥದ ಸೀರೆಯನ್ನೇ ಉಟ್ಟುಕೋ. ಅಲ್ಲಿಂದ ಗುತ್ತೂರಿಗೆ ನೀನು ಬಲಗಡೆ ಕೂಡು. ನಾನು ಹಿಂದೆ ಕೂತು ಅವಳು ಓಡಿಸುವುದನ್ನು ನೋಡುತ್ತೇನೆ.

ನಿನ್ನ
ಉಜ್ಜನಪ್ಪ